ಧಾರವಾಡ ಸೀಮೆಯ ಲಿಂಗಾಯತ ಸುಧಾರಣೆ: ಪ್ರಸಾದ ನಿಲಯದಿಂದ ವಚನ ಸಂಪುಟದವರೆಗೆ

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಬಗ್ಗೆ ನಮ್ಮಲ್ಲಿ ರಾಶಿ ರಾಶಿ ಪುಸ್ತಕಗಳಿವೆ. ಅವರ ವಚನಗಳನ್ನು ಮತ್ತೆ ಜನರ ಕೈಗೆ ತಲುಪಿಸಿದ ಈಚಿನ ನೂರೈವತ್ತು ವರ್ಷಗಳ ದುಡಿಮೆಗೆ ಅಷ್ಟು ಗಮನ ಸಿಕ್ಕಿಲ್ಲ. ಅದರ ದೊಡ್ಡ ಪಾಲು ನಡೆದದ್ದು ಧಾರವಾಡದ ಸುತ್ತಮುತ್ತ, ಅದೂ ಹುಡುಗರ ಓದಿನ ಚಿಂತೆಯಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧಾರವಾಡ ಸೇರಿದ್ದ ಮುಂಬಯಿ ಇಲಾಖೆಯ ಸರಕಾರಿ ಕಚೇರಿಗಳಲ್ಲಿ ಲಿಂಗಾಯತರು ವಿರಳ. ಹೊಲ, ಅಂಗಡಿ ಇದ್ದ ಮನೆಗಳಲ್ಲೂ ಇಂಗ್ಲಿಷ್ ಶಾಲೆಯ ಹಂಬಲ ಕಡಿಮೆ. 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ (ಕೆಎಲ್‌ಇ) ಸಂಸ್ಥೆ ಹುಟ್ಟಿತು.

ಮಠಗಳನ್ನು ಈ ಕೆಲಸಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರ ಪ್ರೇರಣೆಯಿಂದ ವೀರಶೈವ ಮಹಾಸಭೆಯ ಮೊದಲ ಅಧಿವೇಶನ 1904ರಲ್ಲಿ ಧಾರವಾಡದಲ್ಲೇ ಕೂಡಿತು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರ ಕಟ್ಟಿ ಮುಂದಿನ ಮಠಾಧೀಶರಾಗುವ ವಟುಗಳಿಗೆ ಶಿಕ್ಷಣ ಕೊಡಿಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರೆಷ್ಟೋ. ಭಕ್ತರ ಮನೆಯ ಜೋಳ ಪೂಜೆಗಿಂತ ಓದಿಗೆ ಹೆಚ್ಚು ಸಂದಿತು. ಇಡೀ ಚಳವಳಿಯಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸುಮಾರು ಅದೇ ಹೊತ್ತಿಗೆ ಅಸ್ಸಾಮಿನ ಬೋಡೊ ಜನರಲ್ಲಿ ಕಾಳಿಚರಣ ಬ್ರಹ್ಮ ಅವರು ಬ್ರಹ್ಮಧರ್ಮ ಸಾರಿದ್ದರು. ಬಲಿ, ಹೆಂಡ ಬಿಡಿಸಿದ್ದರು. ಶಾಲೆ, ವಸತಿನಿಲಯಗಳ ಕಡೆ ಸಮಾಜವನ್ನು ತಿರುಗಿಸಿದ್ದರಲ್ಲಿ ಎರಡೂ ಕಡೆಯ ದಾರಿ ಒಂದೇ. ಆದರೆ ಕಾಳಿಚರಣರು ಕಲ್ಕತ್ತೆಯ ಗುರುವಿನಿಂದ ಹೊಸ ಉಪಾಸನೆ ತಂದರು. ನಮ್ಮವರಿಗೆ ಬೇಕಾದದ್ದು ಮನೆಯ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ವಚನದ ಓಲೆಗರಿಗಳಲ್ಲೇ ಇತ್ತು.

ಆ ಕಟ್ಟು ಬಿಚ್ಚಿದವರು ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ. ವಿಜಯಪುರದಲ್ಲಿ ವಕೀಲಿ ಮಾಡುತ್ತ ಊರೂರು ಅಲೆದು ಓಲೆ ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು, ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಪೂಜೆ ಮಾಡುತ್ತಿದ್ದ ಗ್ರಂಥ ಅಂದಿನಿಂದ ಓದಿ ವಾದಿಸುವ ಗ್ರಂಥವಾಯಿತು. ಮುಂದೆ ಶಿ.ಶಿ. ಬಸವನಾಳ, ಕರ್ನಾಟಕ ವಿಶ್ವವಿದ್ಯಾಲಯದ ಆರ್.ಸಿ. ಹಿರೇಮಠರು ಪಾಠ ಪರಿಷ್ಕರಿಸಿದರು. 1993ರ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳ ಹಿಂದೆ ಎಂ.ಎಂ. ಕಲಬುರ್ಗಿಯವರ ದುಡಿಮೆಯಿದೆ. ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು.

ಓದು ಬಾರದವರಿಗೆ ವಚನ ಮುಟ್ಟಿಸಿದ್ದು ಹಾಡು. ಒಬ್ಬ ಅಂಧ ಬಾಲಕನನ್ನು ಸಾಕಿ ಸಂಗೀತ ಕಲಿಸಿದವರು ಕುಮಾರಸ್ವಾಮಿಗಳೇ. ಆತನೇ ಮುಂದಿನ ಪಂಚಾಕ್ಷರಿ ಗವಾಯಿ. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಮಕ್ಕಳನ್ನು ಬೆಳೆಸಿದರು. ಅವರ ಶಿಷ್ಯ ಬಸವರಾಜ ರಾಜಗುರು, ಧಾರವಾಡದ ಮಲ್ಲಿಕಾರ್ಜುನ ಮನಸೂರ ಅವರ ಕಂಠದಲ್ಲಿ ವಚನ ಹಿಂದೂಸ್ತಾನಿ ಬೈಠಕ್ಕಿಗೆ ಬಂತು.

ಜಾತಿಯ ವಿಷಯದಲ್ಲಿ ಮಾತ್ರ ಗಳಿಕೆ ಕಡಿಮೆ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯ ಕತೆ ಎಲ್ಲ ಪ್ರವಚನಗಳಲ್ಲಿ ಬರುತ್ತದೆ. ಇತ್ತ ಹುಬ್ಬಳ್ಳಿಯ ವಧೂವರರ ಪಟ್ಟಿಯಲ್ಲಿ ಜಂಗಮ, ಬಣಜಿಗ, ಪಂಚಮಸಾಲಿ, ಗಾಣಿಗ ಎಂಬ ಕಾಲಮು ಹಾಗೇ ಉಳಿದಿದೆ. 2018ರಲ್ಲಿ ರಾಜ್ಯ ಸರಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿದಾಗಲೂ ವಾದವೆಲ್ಲ ಹೆಸರು, ಮಾನ್ಯತೆಗಳ ಸುತ್ತಲೇ ಸುತ್ತಿತು. ಒಳಪಂಗಡಗಳ ನಡುವಿನ ಮದುವೆಯ ಮಾತನ್ನು ಯಾವ ವೇದಿಕೆಯೂ ಗಟ್ಟಿಯಾಗಿ ಎತ್ತಲಿಲ್ಲ.