ಬರಹದ ಕೂಲಿ: ಅರ್ಜಿ ಬರೆಯುವವರ ಚರಿತ್ರೆಗೊಂದು ಪೀಠಿಕೆ

ದಲಿತ ಸಾಹಿತ್ಯ ವಿಮರ್ಶೆ ಕಳೆದ ಐವತ್ತು ವರ್ಷಗಳಲ್ಲಿ ಅನುಭವದ ಬಗ್ಗೆ, ಭಾಷೆಯ ಬಗ್ಗೆ, ಆಕ್ರೋಶದ ಬಗ್ಗೆ ಸಾಕಷ್ಟು ಚರ್ಚಿಸಿದೆ. 1973ರಲ್ಲಿ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನಿಂದ ಎದ್ದ ಗದ್ದಲವನ್ನಂತೂ ಮತ್ತೆ ಮತ್ತೆ ನೆನೆಯುತ್ತೇವೆ. ಆದರೆ ಬರೆದದ್ದಕ್ಕೆ ಕೂಲಿ ಎಷ್ಟು, ಅದನ್ನು ಯಾರು ಯಾರಿಗೆ ಕೊಟ್ಟರು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ಹೊಲದ ಕೂಲಿ, ಜೀತದ ಲೆಕ್ಕ ನಮಗೆ ಗೊತ್ತು. ಬರಹದ ಕೂಲಿ ಮಾತ್ರ ನಾಚಿಕೆಯ ವಿಷಯ.

ನನಗೂ ನಾಚಿಕೆಯೇ ಇತ್ತು. ನಮ್ಮ ಕಾಕಾ 1981ರಿಂದ ಸುಮಾರು ಮೂವತ್ತೈದು ವರ್ಷ ದೇವದುರ್ಗದ ತಹಸೀಲ್ ಕಚೇರಿ ಮುಂದೆ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಅರ್ಜಿ ಬರೆದ. ಎಂ.ಎ.ದಲ್ಲಿ ದಲಿತ ಆತ್ಮಕಥನಗಳ ಮೇಲೆ ಸೆಮಿನಾರು ಓದುವಾಗ ನಾನು ಅವ್ವನ ಕೂಲಿಯ ಬಗ್ಗೆ ಮಾತಾಡಿದೆ, ಕಾಕಾನ ಬಗ್ಗೆ ಮಾತಾಡಲಿಲ್ಲ. ಕೂಲಿಗೆ ಬರೆಯೋದು ಬರಹಕ್ಕೇ ಅಪಮಾನ ಅಂತ ಯಾರು ನನಗೆ ಕಲಿಸಿದ್ದು? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆ, ಬರೆದವನ ಹೆಸರಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿಸಿದ್ದಾನೆ. ಕನ್ನಡ ನೆಲದಲ್ಲಿ ಹೆಸರು ಉಳಿದಿರುವ ಅತ್ಯಂತ ಹಳೆಯ ಬರಹಗಾರರಲ್ಲಿ ಅವನೊಬ್ಬ, ಅವನೂ ಪರರ ಮಾತನ್ನು ಬರೆದುಕೊಟ್ಟವನೇ. ಮುಂದೆ ನೂರಾರು ದಾನಶಾಸನಗಳಲ್ಲಿ ಸೇನಬೋವರ ಹೆಸರು ಬರುತ್ತದೆ. ಸೇನಬೋವನೇ ಮುಂದೆ ಶಾನುಭೋಗನಾದ. ನಮ್ಮ ಕಡೆ ಅವನಿಗೆ ಕುಲಕರ್ಣಿ ಅಂದರು. ಬರಹವು ವತನವಾದದ್ದು ಹೀಗೆ. ಅಕ್ಷರಕ್ಕೆ ಹೊಲ ಬಂತು, ಹೊಲದ ಜೊತೆ ವಂಶಪಾರಂಪರ್ಯ ಬಂತು. ಅದೇ ಊರಲ್ಲಿ ಕಾಗದ ಹೊತ್ತು ಓಡಾಡುವ ಕೆಲಸ ನಮ್ಮವರದು, ಕಾಗದದೊಳಗೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಈ ಬೇಲಿ ಇಮ್ಮಡಿಯಾಗಿತ್ತು. 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು, 1948ರವರೆಗೂ ನಡೆಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಮಾನ್ವಿಯ ರೈತ ತನ್ನ ದೂರನ್ನು ರಾಯಚೂರಿನಲ್ಲಿ ಹೇಳಬೇಕಾದರೆ ನಡುವೆ ಒಬ್ಬ ಮುನ್ಷಿ ಬೇಕು. ಇಂದಿಗೂ ನಮ್ಮ ಬಾಯಲ್ಲಿರುವ ಅರ್ಜಿ, ತಕರಾರು, ಖಾತಾ, ವಕೀಲ ಎಂಬ ಮಾತುಗಳಲ್ಲಿ ಅಂಥ ಆಡಳಿತದ ಗುರುತಿದೆ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವತನದ ಹುದ್ದೆ ಹೋಯಿತು. ಭಾಷೆ ಬದಲಾಯಿತು, ಕಾಯ್ದೆ ಬದಲಾಯಿತು, ಆದರೆ ಓದುಬರಹ ಬಾರದವನಿಗೆ ನಡುವಿನವನು ಬೇಕೇ ಬೇಕಾದ. 2011ರ ಜನಗಣತಿಯಲ್ಲೂ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 60ನ್ನು ಮುಟ್ಟಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಸಾಹಿತ್ಯ ಚರಿತ್ರೆಯಲ್ಲಿ ಮಾನ್ವಿ ಎಂದರೆ ಜಗನ್ನಾಥದಾಸರು, ಚೀಕಲಪರ್ವಿ ಎಂದರೆ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಎಂದರೆ ಗೋಪಾಲದಾಸರು. ಇದನ್ನು ನಾನೂ ತರಗತಿಯಲ್ಲಿ ಹೇಳುತ್ತೇನೆ. ಆದರೆ ಇದೇ ಊರುಗಳ ಕಚೇರಿ ಕಟ್ಟೆಯ ಮೇಲೆ ದಿನವೂ ಬರೆದವರಿಗೆ ಆ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ.

ಕಾಕಾ ತನ್ನ ಕಸುಬನ್ನು ಹೇಗೆ ನಡೆಸಿದ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಅವನು ಬರೆಯುತ್ತಿರಲಿಲ್ಲ, ಕೇಳುತ್ತಿದ್ದ. ಬಂದವರು ಎಲ್ಲಿಂದಲೋ ಶುರುಮಾಡೋರು, ಅವನು ನಡುವೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ಸರ್ವೆ ನಂಬರು, ಮಂಜೂರಾದ ವರ್ಷ, ಯಾರ ಹೆಸರಿಗೆ ಅಂತ ಮೂರು ಪ್ರಶ್ನೆ ಕೇಳೋನು. ಕೂಲಿ ಮೊದಲೇ ಮಾತಾಡೋನು. ಶುರುವಿಗೆ ಎರಡು ರೂಪಾಯಿ, ಕೊನೆಗೆ ಐವತ್ತು. ಉದ್ರಿ ಇದ್ದರೆ ತೊಗರಿ ಬಂದ ಮೇಲೆ. ಕೇರಿಯವರಿಗೂ ಪುಕ್ಕಟೆ ಬರೆಯುತ್ತಿರಲಿಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ, “ಪುಕ್ಕಟೆ ಬರದ್ರ ಅದು ಉಪಕಾರ ಆಕ್ಕೈತಿ. ರೊಕ್ಕ ಕೊಟ್ಟೋನು ಮಾತ್ರ ‘ಇದು ತಪ್ಪೈತಿ, ತಿದ್ದು’ ಅಂತ ಕೇಳ್ತಾನ” ಅಂದ. ಕೆಲಸ ಆಗೇ ಆಗ್ತದ ಅಂತ ಯಾರಿಗೂ ಮಾತು ಕೊಡುತ್ತಿರಲಿಲ್ಲ. ಪ್ರತಿ ಅರ್ಜಿಗೂ ಕಾರ್ಬನ್ ಪ್ರತಿ ಇಡುತ್ತಿದ್ದ. ಹೆಬ್ಬೆಟ್ಟು ಒತ್ತುವ ಮೊದಲು ಪೂರ್ತಿ ಓದಿ ಹೇಳುತ್ತಿದ್ದ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯು, ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ ಸಹಿ ಪಡೆಯುವ ಮೊದಲು ಅದನ್ನು ಓದಿ ಹೇಳಬೇಕೆಂದು ವಿಧಿಸಿತು. ಶಾಸನಸಭೆಗಿಂತ ಬಹಳ ಮೊದಲೇ ಬೇವಿನ ಗಿಡದ ಕೆಳಗೆ ಆ ನಿಯಮ ಇತ್ತು.

ಇದರಲ್ಲಿ ಜಾತಿ ಇರಲಿಲ್ಲವೆಂದಲ್ಲ. ಬಾಂಡ್ ಬರೆಯುವವರಿಗೆ ಲೈಸೆನ್ಸು, ಮೇಜು, ಮೇಲೆ ತಗಡು ಇತ್ತು. ಕಾಕಾನಿಗೆ ಗೋಣಿತಟ್ಟು. ಮೊದಮೊದಲು ಮೇಲ್ಜಾತಿ ರೈತರು ಕೈಗೆ ಕೈ ತಾಗದಂತೆ ರೊಕ್ಕ ಎಸೆದು ಹೋಗುತ್ತಿದ್ದರಂತೆ. ಅವನ ಅರ್ಜಿ ವಾಪಸ್ ಬರೋದಿಲ್ಲ ಅನ್ನೋದು ಗೊತ್ತಾದ ಮೇಲೆ ಕೈಗೇ ಕೊಟ್ಟರು. ಇದನ್ನು ಮನಃಪರಿವರ್ತನೆ ಎಂದು ಕರೆಯಲಾರೆ. ಅವರಿಗೆ ಅವನ ಬರಹ ಬೇಕಿತ್ತು, ಅಷ್ಟೇ.

2019ರಲ್ಲಿ ಕಾಕಾ ತೀರಿಕೊಂಡ. ಅವನ ಟ್ರಂಕು ನನಗೆ ಬಂತು, ಅದರ ಜೊತೆ ಜನರೂ ಬಂದರು. 2023ರಲ್ಲಿ ಮಾನ್ವಿ ಕಡೆಯ ಒಬ್ಬ ಅಜ್ಜಿ ರಾಯಚೂರಿನ ನನ್ನ ಬಾಡಿಗೆ ಕೋಣೆಗೆ ಕಾಗದದ ಗಂಟು ತಂದರು. ಗಂಡನಿಗೆ ಸರ್ಕಾರ ಕೊಟ್ಟ ಹೊಲ ಯಾರದೋ ಪಾಲಾಗಿತ್ತು. ಪರಿಶಿಷ್ಟರ ಭೂಮಿ ಪರಭಾರೆ ನಿಷೇಧಿಸುವ 1978ರ ಕಾಯ್ದೆಯಡಿ ಅಂಥ ಹೊಲ ಮರಳಿ ಕೇಳಬಹುದು. 2017ರ ಸುಪ್ರೀಂ ಕೋರ್ಟ್ ತೀರ್ಪು, ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಎಂದ ಮೇಲೆ ಎಷ್ಟೋ ಅರ್ಜಿಗಳು ತಡವಾಯಿತೆಂದು ಬಿದ್ದುಹೋದವು. ಕಾಲಮಿತಿ ಅಡ್ಡಬರಬಾರದೆಂದು 2023ರಲ್ಲಿ ರಾಜ್ಯ ತಿದ್ದುಪಡಿ ತಂದಿತು. ನಾನು ಅಜ್ಜಿಯ ನೋವನ್ನು ಮೂರು ಪುಟ ಬರೆದೆ. ಶತಮಾನಗಳ ಶೋಷಣೆ, ಮಣ್ಣಿನ ಸಂಬಂಧ ಎಲ್ಲ ಅದರಲ್ಲಿತ್ತು. ಕಚೇರಿಯಲ್ಲಿ ಗುಮಾಸ್ತ ಓದಿ, “ಸರ, ಮಂಜೂರಾತಿ ಆದೇಶದ ತಾರೀಖು ಎಲ್ಲೈತ್ರಿ?” ಎಂದ.

ರಾತ್ರಿ ಟ್ರಂಕು ತೆಗೆದು ನೋಡಿದೆ. ಅಂಥ ಒಂದು ಅರ್ಜಿ ಅಲ್ಲಿ ಒಂಬತ್ತು ಸಾಲಿನಲ್ಲಿತ್ತು. ಹೊಲ ದರಖಾಸ್ತಿನಲ್ಲಿ ಮಂಜೂರಾದದ್ದು, ಹುದ್ದೆಯ ಇನಾಮು ಅಲ್ಲ ಎಂಬ ಮಾತಿಗೆ ಕಾಕಾ ಗೆರೆ ಎಳೆದಿದ್ದ. ಯಾಕೆಂದರೆ ವಂಶಪಾರಂಪರ್ಯ ಹುದ್ದೆಯ ಜಮೀನನ್ನು ಆ ಕಾಯ್ದೆ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಒಂದು ಪದ ತಪ್ಪಿದರೆ ಹೊಲ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಇದು ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ಅಜ್ಜಿಯ ಅರ್ಜಿಯನ್ನು ಮತ್ತೆ ಬರೆದೆ, ಓದಿ ಹೇಳಿದೆ, ಐವತ್ತು ರೂಪಾಯಿ ತಗೊಂಡೆ. ಪ್ರಕರಣ ಇನ್ನೂ ನಡೆದಿದೆ.

ಅರ್ಜಿಯನ್ನು ಹೊಗಳಿ ಕೂರಿಸುವುದು ನನ್ನ ಉದ್ದೇಶವಲ್ಲ. ಆ ಒಂಬತ್ತು ಸಾಲಿನ ಕೊನೆಗೂ ‘ತಮ್ಮ ವಿಧೇಯ’ ಎಂದಿದೆ. ಬಂದವರು ಒಂದು ತಾಸು ಹೇಳಿದ್ದು ಅದರಲ್ಲಿಲ್ಲ. ಪ್ರಭುತ್ವಕ್ಕೆ ಬೇಕಾದಷ್ಟನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವ ಬರಹ ಅದು. ಆ ಬಿಟ್ಟುಹೋದದ್ದನ್ನು ಹಿಡಿಯಲು ದಲಿತ ಸಾಹಿತ್ಯ ಹುಟ್ಟಬೇಕಾಯಿತು. ಎರಡೂ ಒಂದೇ ಕೇರಿಯ ಬರಹಗಳು ಎಂಬುದಷ್ಟೇ ನನ್ನ ವಾದ.

ಕೂಲಿಯ ಪ್ರಶ್ನೆಗೆ ಮರಳುತ್ತೇನೆ. ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ಶುರುಮಾಡಿದಾಗ ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ರೊಕ್ಕ ಕೊಡುತ್ತೇವೆಂದರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’ ತಂದಾಗ ಅಂಕಣದ ಮೇಲೆ ಅಂಕಣ ಅವರೇ ಬರೆದು ತುಂಬಿದರು. ವಿಚಾರದಷ್ಟೇ ಕಾಗದದ ಖರ್ಚೂ ನಮ್ಮ ಚರಿತ್ರೆಯ ಭಾಗ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ನಾನು ಅತಿಥಿ ಉಪನ್ಯಾಸಕ. ಪಗಾರ ತಡವಾದಾಗ ಅನುವಾದ, ಗೈಡು, ಭಾಷಣ ಬರೆದುಕೊಟ್ಟು ಬದುಕುತ್ತೇನೆ. ಒಬ್ಬ ಪ್ರಕಾಶಕರು ನಾನು ಬರೆದ ಗೈಡಿಗೆ ಬೇರೆಯವರ ಹೆಸರು ಹಾಕಿದರು, ದುಡ್ಡು ಅರ್ಧ ಕೊಟ್ಟರು. “ನಿಮ್ಮ ಅನುಭವ ಬರೀರಿ” ಎಂದು ಕೇಳುವವರಂತೂ ಸಂಭಾವನೆಯ ಮಾತೇ ಎತ್ತುವುದಿಲ್ಲ. ನಮ್ಮ ಅನುಭವ ಪುಕ್ಕಟೆ ಸಿಗುವ ವಸ್ತು ಎಂದು ತಿಳಿಯುವುದು ಬಿಟ್ಟಿ ಚಾಕರಿಯ ಮುಂದುವರಿಕೆಯೇ. ಚಳವಳಿಗೆ ಪುಕ್ಕಟೆ ಬರೆಯೋಣ, ಅದು ನಮ್ಮ ಆಯ್ಕೆ. ಉಳಿದವರ ಹತ್ತಿರ ಕಾಕಾನಂತೆ ಮೊದಲೇ ರೊಕ್ಕ ಮಾತಾಡೋಣ, ಪ್ರತಿ ಇಟ್ಟುಕೊಳ್ಳೋಣ.

ಗೆಳೆಯರಲ್ಲಿ ಒಂದು ಮನವಿ. ನಿಮ್ಮ ಊರಿನಲ್ಲೂ ಇಂಥ ಬರಹಗಾರರು ಇದ್ದಿರಬೇಕು. ಅವರ ಟ್ರಂಕುಗಳು ರದ್ದಿಗೆ ಹೋಗುವ ಮೊದಲು ಹೋಗಿ ನೋಡಿ. ಕನ್ನಡ ಗದ್ಯದ ಚರಿತ್ರೆಯಲ್ಲಿ ಒಂದು ಅಧ್ಯಾಯ ಅಲ್ಲಿದೆ.