ಆ ಬೂದಿಯಲ್ಲಿ ಏನಿತ್ತು?

ಗಾಡ್ಜಿಲ್ಲಾ ಸಿನಿಮಾ ನೋಡಿದ್ದೀರಲ್ವಾ? 1954ರ ಮೂಲ ಜಪಾನಿ ಚಿತ್ರದ ಹಿಂದೆ ಒಂದು ನಿಜವಾದ ಮೀನುಗಾರಿಕೆ ಹಡಗಿನ ಕಥೆ ಇದೆ ಅಂತ ಗೊತ್ತಾದ ಮೇಲೆ ನನಗೆ ಅದೇ ಗುಂಗು...

1954ರ ಮಾರ್ಚ್ 1. ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಶಕ್ತಿ 15 ಮೆಗಾಟನ್, ಅಂದಾಜಿನ ಸುಮಾರು ಎರಡೂವರೆ ಪಟ್ಟು! ಘೋಷಿತ ಅಪಾಯ ವಲಯದ ಹೊರಗಿದ್ದ ಜಪಾನಿನ 'ಡೈಗೊ ಫುಕುರ್ಯು ಮಾರು' ಹಡಗಿನ ಮೇಲೆ ಗಂಟೆಗಟ್ಟಲೆ ಬಿಳಿ ಬೂದಿ ಸುರಿಯಿತು. ಅದರಲ್ಲಿದ್ದವರು 23 ಜನ. ಮಾರ್ಚ್ 14ಕ್ಕೆ ಯೈಜು ಬಂದರು ಮುಟ್ಟುವಾಗ ಅವರ ಮುಖ ಕಪ್ಪಾಗಿತ್ತು, ಕೂದಲು ಉದುರುತ್ತಿತ್ತು.

ಜಪಾನಿ ವೈದ್ಯರಿಗೆ ಚಿಕಿತ್ಸೆಗೆ ಬೇಕಿದ್ದದ್ದು ಒಂದೇ ಮಾಹಿತಿ: ಬೂದಿಯಲ್ಲಿ ಏನಿದೆ? ಅಮೆರಿಕ ಪೂರ್ತಿ ಹೇಳಲಿಲ್ಲ, ಹೇಳಿದರೆ ಬಾಂಬಿನ ಗುಟ್ಟು ರಟ್ಟು! ಕೊನೆಗೆ ಜಪಾನಿನ ವಿಜ್ಞಾನಿಗಳೇ ಪರೀಕ್ಷಿಸಿ ಯುರೇನಿಯಂ-237 ಪತ್ತೆ ಹಚ್ಚಿದರು. ಅಮೆರಿಕದ ವೈದ್ಯರು ಬಂದರೂ ರೋಗಿಗಳನ್ನು ಅವರ ಕೈಗೆ ಒಪ್ಪಿಸಲಿಲ್ಲ. ಹಿರೋಶಿಮಾದಲ್ಲಿ ಅಮೆರಿಕದ ತಂಡ ಪರೀಕ್ಷೆ ಮಾಡಿತ್ತೇ ಹೊರತು ಚಿಕಿತ್ಸೆ ಕೊಟ್ಟಿರಲಿಲ್ಲ ಅನ್ನೋದು ಯಾರಿಗೂ ಮರೆತಿರಲಿಲ್ಲ.

ಏಪ್ರಿಲ್ 2ರಂದು ನೆಹರೂ ನಮ್ಮ ಲೋಕಸಭೆಯಲ್ಲೇ ಇಂಥ ಪರೀಕ್ಷೆಗಳನ್ನು ತಡೆಹಿಡಿಯಿರಿ ಅಂದರು. ಪರೀಕ್ಷೆಗಳು ನಿಲ್ಲಲಿಲ್ಲ.

ಸೆಪ್ಟೆಂಬರ್ 23ಕ್ಕೆ ಹಡಗಿನ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮ ತೀರಿಕೊಂಡರು. ವಿಕಿರಣವೇ ಕಾರಣ ಅಂದರು ಜಪಾನಿ ವೈದ್ಯರು. ಅಮೆರಿಕ ಒಪ್ಪಲಿಲ್ಲ. 1955ರ ಜನವರಿಯಲ್ಲಿ 20 ಲಕ್ಷ ಡಾಲರ್ ಕೊಟ್ಟಿತು, ಕಾನೂನಿನ ಹೊಣೆ ಮಾತ್ರ ಹೊರಲಿಲ್ಲ.

ದುಡ್ಡು ಆಮೇಲಿನ ಮಾತು ಬಿಡಿ. ಹಾಸಿಗೆ ಹಿಡಿದವರಿಗೆ ಮೊದಲು ಬೇಕಿದ್ದದ್ದು ಒಂದು ಉತ್ತರ. ಅದನ್ನೇ ಬಚ್ಚಿಟ್ಟರು. ನೀವೇನಂತೀರಿ?