ಭೀಮಾತೀರದ ಫಿರೋಜಾಬಾದ್ ಕೋಟೆ

ಫಿರೋಜಾಬಾದ್ ಕೋಟೆ ಕಲಬುರಗಿಯ ದಕ್ಷಿಣಕ್ಕೆ, ಜೇವರ್ಗಿಯ ದಿಕ್ಕಿನಲ್ಲಿ, ಭೀಮಾ ನದಿಯ ಎಡದಂಡೆಯ ಮೇಲಿದೆ. ಅಫಜಲಪುರ ಸೀಮೆಯ ಗಾಣಗಾಪುರವನ್ನು ದಾಟಿ ಬರುವ ಹೊಳೆ ಇಲ್ಲಿ ಬಾಗಿ ಹರಿಯುತ್ತದೆ. ಪಡುವಣ ಮಗ್ಗುಲಿಗೆ ಆ ಹೊಳೆಯೇ ಕಾವಲು. ಉಳಿದ ಮೂರು ಕಡೆ ಹುಡೇವುಗಳಿರುವ ದಪ್ಪ ಕಲ್ಲುಗೋಡೆ, ಎತ್ತರದ ಕಮಾನಿನ ಅಗಸಿಗಳು.

ಇದನ್ನು ಕಟ್ಟಿಸಿದವನು 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾಹ. ಕಟ್ಟಡ ಶುರುವಾದದ್ದು 1400ರ ಸುಮಾರಿಗೆ. ಕಲಬುರಗಿಯಲ್ಲಿ ರಾಜಧಾನಿಯೂ ಗಟ್ಟಿ ಕೋಟೆಯೂ ಇದ್ದಾಗ ಇಷ್ಟು ಹತ್ತಿರ ಮತ್ತೊಂದು ಊರು ಏಕೆ ಬೇಕಾಯಿತು? ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ನಾಡಿಗಾಗಿ ವಿಜಯನಗರದೊಂದಿಗೆ ಕಾದಾಟ ನಿಂತಿರಲಿಲ್ಲ. ದಂಡು ದಕ್ಷಿಣಕ್ಕೆ ಹೊರಡುವ ಮುನ್ನ ಆನೆ, ಕುದುರೆ, ಎತ್ತುಗಳಿಗೆ ನೀರು, ಮೇವು, ಬಯಲು ಬೇಕು. ರಾಜಧಾನಿಯ ಬಳಿಯಲ್ಲೇ ಮೂರೂ ಸಿಗುವ ಜಾಗ ಭೀಮೆಯ ದಂಡೆ. ಕೋಟೆಯ ನೆಲೆಯನ್ನು ನೋಡಿದರೆ ಈ ಕಾರಣವೇ ಹೆಚ್ಚು ಸರಿಯೆನಿಸುತ್ತದೆ. ಆದರೂ ಬರೀ ಪಾಳೆಯಕ್ಕಾಗಿ ಇಷ್ಟು ಅಂದವಾಗಿ ಯಾರೂ ಕಟ್ಟುವುದಿಲ್ಲ. ಹಲವು ಭಾಷೆಗಳನ್ನು ಬಲ್ಲವನೂ ವಿದ್ಯಾಪ್ರಿಯನೂ ಆಗಿದ್ದ ಫಿರೋಜ್ ಶಾಹನ ಅಭಿರುಚಿಯೂ ಇದರಲ್ಲಿ ಸೇರಿದೆ.

ನೇರವಾದ ಅಗಲ ಬೀದಿಗಳು, ಹೊಳೆಯ ಅಂಚಿನಲ್ಲಿ ಕಲ್ಲಿನ ಅರಮನೆ, ಅದರ ಬೇರೆಬೇರೆ ಅಂಗಳಗಳಿಗೆ ಕಾಲುವೆಯಿಂದ ಹರಿದುಬರುವ ಭೀಮೆಯ ನೀರು – ಇತಿಹಾಸಕಾರ ಫೆರಿಷ್ತಾ ಈ ಊರನ್ನು ಹೀಗೆ ಬಣ್ಣಿಸಿದ್ದಾನೆ. ಇಂದು ಕಾಣುವ ಕಟ್ಟಡಗಳಲ್ಲಿ ದೊಡ್ಡದು ಜಾಮಿ ಮಸೀದಿ. ಗುಮ್ಮಟವಿರುವ ಬಾಗಿಲು ದಾಟಿದರೆ ವಿಶಾಲ ಅಂಗಳ, ಅದರಾಚೆ ಹಾಳುಬಿದ್ದ ಪ್ರಾರ್ಥನಾ ಮಂದಿರ. ಮಸೀದಿಗಿಂತ ಚಿಕ್ಕದಾದರೂ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಹಮ್ಮಾಮು, ಅಂದರೆ ಸ್ನಾನಗೃಹ. ಅದರ ಮಾಳಿಗೆಯ ಮೇಲೆ ದುಂಡು ಗುಮ್ಮಟಗಳೂ ಪಿರಮಿಡ್ಡಿನಂತೆ ಚೂಪಾದ ಛಾವಣಿಗಳೂ ಎದ್ದಿವೆ. ದಖನ್ನಿನಲ್ಲಿ ಉಳಿದಿರುವ ಅತಿ ಹಳೆಯ ಹಮ್ಮಾಮುಗಳಲ್ಲಿ ಇದೂ ಒಂದು.

ಊರಿನ ವೈಭವ ಬಹುಕಾಲ ಬಾಳಲಿಲ್ಲ. ಪಾನಗಲ್ಲಿನಲ್ಲಿ ವಿಜಯನಗರದ ಎದುರು ಫಿರೋಜ್ ಶಾಹ ಸೋತ. 1422ರಲ್ಲಿ ತಮ್ಮ ಅಹಮದ್ ಶಾಹ ಪಟ್ಟವೇರಿ ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜನ ಗೋರಿ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿದೆ. ಕೋಟೆಯೊಳಗಿನ ನೆಲ ಕ್ರಮೇಣ ಹೊಲವಾಯಿತು.

ಕಲಬುರಗಿ, ಬೀದರ್ ಕೋಟೆಗಳನ್ನು ಮುಂದೆ ಬಂದವರು ತಿದ್ದಿದರು, ಸೇರಿಸಿ ಕಟ್ಟಿದರು. ಫಿರೋಜಾಬಾದಿನ ಮೇಲೆ ಅಂಥ ಕೈ ಆಡಿದ್ದು ಕಡಿಮೆ. ಒಬ್ಬನೇ ಅರಸ ನೆನೆದ ಊರಿನ ನಕ್ಷೆಯನ್ನು ಅದರ ಅವಶೇಷಗಳಲ್ಲಿ ಇಂದಿಗೂ ಗುರುತಿಸಬಹುದು.